ಕಾರಿಗೆ ದೊಡ್ಡ ಬ್ರೇಕ್ ಕಿಟ್: ಕೊಳ್ಳುವ ಮುಂಚಿನ ಅಳತೆಯಿಂದ ಪ್ಯಾಡ್ ಪಳಗಿಸುವವರೆಗೆ

ದೊಡ್ಡ ಬ್ರೇಕ್ ಕಿಟ್, ಅಂದರೆ ಮುಂದಿನ ಗಾಲಿಗಳಿಗೆ ದೊಡ್ಡ ಡಿಸ್ಕ್ ಮತ್ತು ಕ್ಯಾಲಿಪರ್, ಹಾಕಿಸಿದರೆ ಕಾರು ಅರ್ಧ ದೂರದಲ್ಲೇ ನಿಲ್ಲುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಈಗಿರುವ ಬ್ರೇಕನ್ನು ಜೋರಾಗಿ ಒತ್ತಿದಾಗ ಪೆಡಲ್ ಗಡಗಡ ಅಂದು ಎಬಿಎಸ್ (ಗಾಲಿ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕೆಲಸ ಶುರು ಮಾಡುತ್ತದೆಯೇ? ಹಾಗಾದರೆ ಗಾಲಿ ಲಾಕ್ ಮಾಡುವಷ್ಟು ಬಲ ಹಳೇ ಬ್ರೇಕಿನಲ್ಲೇ ಇದೆ. ಅಲ್ಲಿಂದ ಮುಂದೆ ಕಾರನ್ನು ನಿಲ್ಲಿಸುವುದು ಟೈರಿನ ಹಿಡಿತ. ಸವೆದ ಟೈರು ಇಟ್ಟುಕೊಂಡು ಎಷ್ಟು ದುಬಾರಿ ಕಿಟ್ ಹಾಕಿದರೂ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಕಾರು ಜಾರಿಯೇ ಜಾರುತ್ತದೆ.

ಮತ್ತೆ ಈ ಕಿಟ್ ಯಾತಕ್ಕೆ? ಬಿಸಿ ತಡೆಯಲಿಕ್ಕೆ. 1,400 ಕಿಲೋ ತೂಕದ ಕಾರು ಗಂಟೆಗೆ 100 ಕಿ.ಮೀ. ವೇಗದಿಂದ ಪೂರ್ತಿ ನಿಂತಾಗ ಸುಮಾರು 5.4 ಲಕ್ಷ ಜೂಲ್ ಶಕ್ತಿ ಬಿಸಿಯಾಗುತ್ತದೆ. ಬಹುಪಾಲು ಗಾಲಿಯ ಜೊತೆ ತಿರುಗುವ ಡಿಸ್ಕಿಗೇ ಹೋಗುತ್ತದೆ. ವೇಗ ಎರಡು ಪಟ್ಟಾದರೆ ಈ ಶಕ್ತಿ ನಾಲ್ಕು ಪಟ್ಟು. ಘಟ್ಟದ ಲೆಕ್ಕ ಇನ್ನೂ ಜೋರು. ಅದೇ ಕಾರು 300 ಮೀಟರ್ ಎತ್ತರದಿಂದ ಇಳಿದರೆ ಸುಮಾರು 41 ಲಕ್ಷ ಜೂಲ್. ಅಂದರೆ ನೂರರಿಂದ ಸೊನ್ನೆಗೆ ಏಳೆಂಟು ಸಲ ನಿಲ್ಲಿಸಿದಷ್ಟು. ಹುಬ್ಬಳ್ಳಿಯಿಂದ ಯಲ್ಲಾಪುರ ದಾಟಿ ಅಂಕೋಲೆ ಕಡೆಗೆ ಅರಬೈಲು ಘಟ್ಟ ಇಳಿಯುವಾಗ, ಐದು ಜನ, ಡಿಕ್ಕಿ ತುಂಬ ಸಾಮಾನು, ಮುಂದೆ ಲಾರಿಗಳ ಸಾಲು ಇದ್ದರೆ ಸುಟ್ಟ ವಾಸನೆ ಬರುವುದು ಇದಕ್ಕೇ. ದೊಡ್ಡ ಡಿಸ್ಕಿನಲ್ಲಿ ಕಬ್ಬಿಣ ಜಾಸ್ತಿ, ಹಾಗಾಗಿ ಅಷ್ಟೇ ಶಕ್ತಿಗೆ ಬಿಸಿ ಕಡಿಮೆ ಏರುತ್ತದೆ. ಗಾಳಿಗೆ ತೆರೆದ ಜಾಗವೂ ಜಾಸ್ತಿ, ಬೇಗ ಆರುತ್ತದೆ.

ಆದರೂ ನೇರ ಕಿಟ್‌ಗೆ ಹೋಗಬೇಡಿ. ಮೊದಲು ತೊಂದರೆ ಯಾವುದು ಅಂತ ನೋಡಿ. ಘಟ್ಟದಲ್ಲಿ ಪೆಡಲ್ ಮೆತ್ತಗಾಗಿ ಒಳಗೊಳಗೆ ಹೋದರೆ ಬ್ರೇಕ್ ಆಯಿಲ್ ಕುದಿದಿರುವ ಅನುಮಾನ ಪಡಬೇಕು. ಪೆಡಲ್ ಗಟ್ಟಿಯಾಗೇ ಇದ್ದು ಕಾರು ಮಾತ್ರ ನಿಲ್ಲದಿದ್ದರೆ ಡಿಸ್ಕಿಗೆ ಉಜ್ಜುವ ಪ್ಯಾಡ್ ಬಿಸಿಗೆ ಸೋತಿದೆ. ಮೊದಲನೆಯದಕ್ಕೆ ಹೊಸ ಆಯಿಲ್ ಸಾಕು, ಎರಡನೆಯದಕ್ಕೆ ಒಳ್ಳೆಯ ಪ್ಯಾಡ್. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು. ಅದು ಗಾಳಿಯಿಂದ ನೀರು ಹೀರುತ್ತದೆ. ಶೇ 3.7ರಷ್ಟು ನೀರು ಸೇರಿದ ಮೇಲೆ ಈ ಮಿತಿ 155ಕ್ಕೆ ಇಳಿಯುತ್ತದೆ. ವರ್ಷಗಟ್ಟಲೆ ಆಯಿಲ್ ಬದಲಿಸದೆ ಕಿಟ್ ವಿಚಾರಿಸುವವರು ಬಹಳ ಜನ. ಜೊತೆಗೆ, ಇಳಿಯುವಾಗ ಎರಡನೇ ಗೇರೋ ಮೂರನೇ ಗೇರೋ ಹಾಕಿ ಎಂಜಿನ್ನಿಗೂ ಸ್ವಲ್ಪ ಕೆಲಸ ಕೊಡಿ. ಅದಕ್ಕೆ ದುಡ್ಡು ಬೇಡ.

ಇಷ್ಟೆಲ್ಲ ಮಾಡಿಯೂ ಸಾಲದು ಅನ್ನಿಸಿದವರಿಗೆ, ಎಂಜಿನ್ ಟ್ಯೂನ್ ಮಾಡಿಸಿದವರಿಗೆ, ಟ್ರ್ಯಾಕಿಗೆ ಹೋಗುವವರಿಗೆ ಮುಂದಿನ ಮಾತು.

ಕಾಗದ ಪತ್ರ

ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ನಿಮ್ಮದು ಕೆಎ 25 ಇರಲಿ, ಕೆಎ 63 ಇರಲಿ, ಕೊಳ್ಳುವ ಮೊದಲೇ ಆರ್‌ಟಿಒದಲ್ಲಿ ಕೇಳಿ. ವಿಮೆ ಕಂಪನಿಗೆ ಬರಹದಲ್ಲಿ ತಿಳಿಸಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ವಾರಂಟಿ ಇನ್ನೂ ಇದ್ದರೆ ಬ್ರೇಕಿನ ಮಟ್ಟಿಗೆ ಅದು ಹೋಯಿತು ಅಂತಲೇ ತಿಳಿಯಿರಿ.

ನಿಮ್ಮ ಕಾರಿನದೇ ಮೇಲಿನ ಮಾಡೆಲ್ಲಿಗೆ ಕಂಪನಿಯೇ ದೊಡ್ಡ ಡಿಸ್ಕ್ ಕೊಟ್ಟಿದ್ದರೆ ಮೊದಲು ಅದನ್ನು ವಿಚಾರಿಸಿ. ಕೆಲವು ಕಾರುಗಳಲ್ಲಿ ಅದು ನೇರವಾಗಿ ಕೂರುತ್ತದೆ, ಬಿಡಿಭಾಗವೂ ಸುಲಭವಾಗಿ ಸಿಗುತ್ತದೆ. ನನ್ನ ಮಟ್ಟಿಗೆ ರಸ್ತೆ ಕಾರಿಗೆ ಇದೇ ಜಾಣತನ. ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತಿ ಹಿಡಿಯುವ ಭಾಗ) ಮೇಲೆ ಅಂಟಿಸುವ ಕೆಂಪು ಕವರ್ ಮಾತ್ರ ಬೇಡವೇ ಬೇಡ. ಅದು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ.

ಅಳತೆ: ಅರ್ಧ ಕೆಲಸ ಇಲ್ಲೇ

ಮೊದಲ ಅಳತೆ ಗಾಲಿಯದು. ಕಿಟ್ ಮಾಡುವ ಒಳ್ಳೆಯ ಕಂಪನಿಗಳು ಕ್ಯಾಲಿಪರ್ ಎಷ್ಟು ಜಾಗ ಹಿಡಿಯುತ್ತದೆ ಎಂಬ ನಕ್ಷೆ ಕೊಡುತ್ತವೆ. ಅದನ್ನು ಅಳತೆ ಕುಗ್ಗದ ಹಾಗೆ ಪ್ರಿಂಟ್ ತೆಗೆಯಿರಿ. ಪ್ರಿಂಟಿನ ಮೇಲೆ ಸ್ಕೇಲ್ ಇಟ್ಟು ಒಮ್ಮೆ ನೋಡಿ, ಎಷ್ಟೋ ಪ್ರಿಂಟರುಗಳು ತಾವೇ ಸಣ್ಣದು ಮಾಡಿಬಿಡುತ್ತವೆ. ಆಮೇಲೆ ದಪ್ಪ ರಟ್ಟಿಗೆ ಅಂಟಿಸಿ, ಕತ್ತರಿಸಿ, ಬಿಚ್ಚಿದ ಗಾಲಿಯ ಒಳಬದಿಯಲ್ಲಿ ಇಟ್ಟು ಸುತ್ತ ತಿರುಗಿಸಿ. ರಿಮ್ಮಿನ ಒಳಸುತ್ತಿಗೂ ಕಡ್ಡಿಗಳಿಗೂ ಕನಿಷ್ಠ 3 ಮಿ.ಮೀ. ಸಂದು ಬೇಕು. ಒಳಗೆ ಅಂಟಿಸಿದ ಬ್ಯಾಲೆನ್ಸ್ ತೂಕಗಳನ್ನೂ ಲೆಕ್ಕಕ್ಕೆ ಹಿಡಿಯಿರಿ, ಕ್ಯಾಲಿಪರ್‌ಗೆ ತಾಗುವುದು ಹೆಚ್ಚಾಗಿ ಅವೇ. 330 ಮಿ.ಮೀ. ಡಿಸ್ಕಿಗೆ ಸಾಮಾನ್ಯವಾಗಿ 17 ಇಂಚಿನ ಗಾಲಿ ಬೇಕು, 355ಕ್ಕೆ 18. 15 ಇಂಚಿನ ಗಾಲಿ ಇಟ್ಟುಕೊಂಡು ದೊಡ್ಡ ಡಿಸ್ಕ್ ತಂದರೆ ಕೊನೆಗೆ ಗಾಲಿ, ಟೈರು ಎಲ್ಲ ಹೊಸದು ಕೊಳ್ಳಬೇಕಾಗುತ್ತದೆ.

ಎರಡನೆಯ ಅಳತೆ ಪಿಸ್ಟನ್ನಿನದು, ಅಂದರೆ ಕ್ಯಾಲಿಪರ್ ಒಳಗಿದ್ದು ಆಯಿಲ್ ಒತ್ತಡಕ್ಕೆ ಪ್ಯಾಡನ್ನು ತಳ್ಳುವ ಭಾಗದ್ದು. ಇದನ್ನು ಬಹಳ ಜನ ನೋಡುವುದೇ ಇಲ್ಲ. ನಿಮ್ಮ ಹಳೇ ಕ್ಯಾಲಿಪರ್‌ನಲ್ಲಿ 54 ಮಿ.ಮೀ. ವ್ಯಾಸದ ಒಂದು ಪಿಸ್ಟನ್ ಇದೆ ಅನ್ನೋಣ. ಅದರ ಮುಖದ ವಿಸ್ತೀರ್ಣ ಸುಮಾರು 2,290 ಚದರ ಮಿ.ಮೀ. ಹೊಸದರಲ್ಲಿ ಎರಡು ಬದಿ ಸೇರಿ ನಾಲ್ಕು ಪಿಸ್ಟನ್ನು. ಹೋಲಿಸುವಾಗ ಒಂದು ಬದಿಯನ್ನಷ್ಟೇ ಲೆಕ್ಕ ಹಾಕಬೇಕು. 38 ಮತ್ತು 42 ಮಿ.ಮೀ. ಪಿಸ್ಟನ್ ಆದರೆ ಸುಮಾರು 2,520. ಅಂದರೆ ಒತ್ತುವ ಬಲ ಶೇ 10 ಜಾಸ್ತಿ. ಇದರ ಮೇಲೆ ಡಿಸ್ಕ್ ದೊಡ್ಡದಾದದ್ದಕ್ಕೆ ಪ್ಯಾಡ್ ಹಿಡಿಯುವ ಜಾಗ ನಡುವಿನಿಂದ ದೂರ ಹೋಗುತ್ತದೆ. ಅದು 103 ಮಿ.ಮೀ.ಯಿಂದ 130ಕ್ಕೆ ಹೋದರೆ ಇನ್ನೂ ಶೇ 26. ಎರಡನ್ನೂ ಗುಣಿಸಿದರೆ ಮುಂದಿನ ಬ್ರೇಕ್ ಸುಮಾರು ಶೇ 39ರಷ್ಟು ಜೋರಾಯಿತು. ಹಿಂದಿನದು ಇದ್ದ ಹಾಗೇ ಇದೆ.

ಕೇಳಲಿಕ್ಕೆ ಚೆನ್ನಾಗಿದೆ, ಆದರೆ ಇದು ತೊಂದರೆ. ಹಿಂದಿನ ಗಾಲಿಗಳು ತಮ್ಮ ಪಾಲಿನ ಕೆಲಸ ಮಾಡುವ ಮೊದಲೇ ಮುಂದಿನವು ಲಾಕ್ ಆಗುವ ಹಂತಕ್ಕೆ ಬರುತ್ತವೆ. ಎಬಿಎಸ್ ಬೇಗ ಬಡಿದುಕೊಳ್ಳುತ್ತದೆ, ನಿಲ್ಲುವ ದೂರ ಜಾಸ್ತಿಯೇ ಆದೀತು. ಹಿಂದೆ ಡ್ರಮ್ ಇರುವ ಸಣ್ಣ ಕಾರುಗಳಲ್ಲಿ ಇದು ಬೇಗ ಗೊತ್ತಾಗುತ್ತದೆ. ಹಾಗಾಗಿ ಡಿಸ್ಕ್ ದೊಡ್ಡದಾದಷ್ಟೂ ಪಿಸ್ಟನ್ ವಿಸ್ತೀರ್ಣ ಸ್ವಲ್ಪ ಕಡಿಮೆ ಇರುವ ಕಿಟ್ ಹುಡುಕಿ. ಪಿಸ್ಟನ್ ತೀರಾ ದೊಡ್ಡದಾದರೆ ಇನ್ನೊಂದು ಪೇಚು: ಅವನ್ನು ತಳ್ಳಲು ಆಯಿಲ್ ಜಾಸ್ತಿ ಬೇಕು, ಪೆಡಲ್ ಉದ್ದಕ್ಕೆ ಹೋಗುತ್ತದೆ. ಮಾರುವವರು ಪಿಸ್ಟನ್ ಅಳತೆ ಹೇಳಲಿಕ್ಕೆ ತಡವರಿಸಿದರೆ ಅಲ್ಲಿ ಕೊಳ್ಳಬೇಡಿ.

ಡಬ್ಬಿಯಲ್ಲಿ ಎರಡು ಡಿಸ್ಕ್, ಎರಡು ಕ್ಯಾಲಿಪರ್, ನಿಮ್ಮ ಕಾರಿಗೇ ಮಾಡಿದ ಬ್ರಾಕೆಟ್, ಪ್ಯಾಡ್, ಸ್ಟೀಲ್ ಜಾಲರಿಯ ಪೈಪ್, ಬೋಲ್ಟ್, ತಾಮ್ರದ ವಾಶರ್, ಯಾವ ಬೋಲ್ಟ್ ಎಷ್ಟು ಬಿಗಿ ಇರಬೇಕು ಎಂಬ ಟಾರ್ಕ್ ಅಂಕಿಗಳ ಹಾಳೆ ಇರಬೇಕು. ಹಾಳೆ ಇಲ್ಲದ ಕಿಟ್ ಅರ್ಧ ಕಿಟ್. ಎಲ್ಲಾ ಕಾರಿಗೂ ಆಗುತ್ತದೆ ಅನ್ನುವ ಬ್ರಾಕೆಟ್ಟನ್ನು ಮುಟ್ಟಲೇಬೇಡಿ.

ಜಾಗ ಮತ್ತು ಸಾಮಾನು

ಎರೆ ಮಣ್ಣಿನ ಅಂಗಳದಲ್ಲಿ ಈ ಕೆಲಸ ಬೇಡ. ಮೇಲೆ ಒಣಗಿದ ಹಾಗೆ ಕಂಡರೂ ಜಾಕಿನ ಕಾಲು ಒಳಗೆ ಹೋಗುತ್ತದೆ. ಕಾಂಕ್ರೀಟ್ ನೆಲ ಇದ್ದರೆ ಸರಿ. ಪರ್ಸಿ ಕಲ್ಲಿನ ನೆಲವಾದರೆ ಜಾಕಿಗೂ ಸ್ಟ್ಯಾಂಡಿಗೂ ಕೆಳಗೆ ದಪ್ಪ ಹಲಗೆ ಇಡಿ, ಇಲ್ಲವಾದರೆ ಕಲ್ಲು ಬಿರಿಯುತ್ತದೆ. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಕೈ ಹಾಕುವ ಮಾತೇ ಇಲ್ಲ, ಎರಡು ಸ್ಟ್ಯಾಂಡ್ ಬೇಕೇ ಬೇಕು.

ಟಾರ್ಕ್ ಪಾನಾ ಬಾಡಿಗೆಗೋ ಸಾಲಕ್ಕೋ ತನ್ನಿ. ಅಂದಾಜಿನಲ್ಲಿ ಬಿಗಿ ಮಾಡುವ ಕೆಲಸ ಇದಲ್ಲ. ಬ್ರೇಕ್ ಪೈಪಿನ ನಟ್ಟಿಗೆ ಫ್ಲೇರ್ ನಟ್ ಪಾನಾ ಬೇಕು. ಸಾದಾ ಪಾನಾ ಹಾಕಿದರೆ ಮೆತ್ತನೆಯ ನಟ್ಟಿನ ಮೂಲೆಗಳು ಉರುಟಾಗಿ, ಒಂದು ತಾಸಿನ ಕೆಲಸ ಒಂದು ದಿನಕ್ಕೆ ಹೋಗುತ್ತದೆ. ಉಳಿದದ್ದು ಸಾದಾ ಸಾಮಾನು: ತಂತಿ ಬ್ರಶ್, ಬ್ರೇಕ್ ಕ್ಲೀನರ್, ಪಾರದರ್ಶಕ ನಳಿಕೆ, ಒಂದು ಬಾಟ್ಲಿ, ಬಟ್ಟೆ ಚೂರು, ಸೀಲ್ ಒಡೆಯದ ಒಂದು ಲೀಟರ್ ಬ್ರೇಕ್ ಆಯಿಲ್. ಡಾಟ್ 4 ಅಥವಾ ಡಾಟ್ 5.1, ಕಾರಿನ ಪುಸ್ತಕದಲ್ಲಿ ಯಾವುದು ಹೇಳಿದೆಯೋ ಅದು. ಹೆಸರು ಹತ್ತಿರ ಇದೆ ಅಂತ ಡಾಟ್ 5 ತರಬೇಡಿ. ಅದು ಸಿಲಿಕೋನ್, ಉಳಿದವುಗಳ ಜೊತೆ ಬೆರೆಯುವುದಿಲ್ಲ.

ಇನ್ನೊಂದು ಮಾತು. ಬ್ರೇಕ್ ಪ್ಯಾಡ್ ಬದಲಿಸಿ ಕೂಡ ರೂಢಿ ಇಲ್ಲದವರು ಇದನ್ನೇ ಮೊದಲ ಕೆಲಸ ಮಾಡಿಕೊಳ್ಳಬೇಡಿ. ಗೊತ್ತಿರುವ ಮಿಸ್ತ್ರಿ ಜೊತೆ ಕೂತು ಮಾಡಿ. ಈ ಲೇಖನ ಆಗ ಅವರ ಕೈ ನೋಡಲು, ಪ್ರಶ್ನೆ ಕೇಳಲು ಉಪಯೋಗಕ್ಕೆ ಬರುತ್ತದೆ.

ಬಿಚ್ಚುವುದು

ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಗಾಲಿಗಳಿಗೆ ಕಲ್ಲು ಕೊಡಿ. ಕಾರು ನೆಲದ ಮೇಲೆ ಇರುವಾಗಲೇ ಗಾಲಿ ನಟ್ಟುಗಳನ್ನು ಸ್ವಲ್ಪ ಸಡಿಲಿಸಿ. ಆಮೇಲೆ ಪುಸ್ತಕದಲ್ಲಿ ತೋರಿಸಿದ ಜಾಗಕ್ಕೆ ಜಾಕ್ ಕೊಟ್ಟು ಎತ್ತಿ, ಸ್ಟ್ಯಾಂಡ್ ಇಟ್ಟು, ಕಾರನ್ನು ಒಮ್ಮೆ ಅಲ್ಲಾಡಿಸಿ ನೋಡಿ.

ಗಾಲಿ ತೆಗೆದು, ಕೆಲಸ ಮಾಡುವ ಬದಿಗೆ ಬೋಲ್ಟುಗಳು ಕಾಣುವಂತೆ ಸ್ಟೀರಿಂಗ್ ತಿರುಗಿಸಿ. ಹಳೇ ಕ್ಯಾಲಿಪರ್‌ನ ಬೋಲ್ಟ್ ಬಿಚ್ಚಿ, ಅದನ್ನು ಸ್ಪ್ರಿಂಗಿಗೆ ತಂತಿಯಲ್ಲಿ ಕಟ್ಟಿ ನೇತುಹಾಕಿ. ಪೈಪಿನ ಮೇಲೆ ಜೋತು ಬೀಳಲು ಬಿಡಬೇಡಿ. ಇನ್ನೂ ಪೈಪ್ ಬಿಚ್ಚಬೇಡಿ! ಅದು ಕೊನೆಗೆ. ಬ್ರೇಕ್ ದೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಕ್ಲೀನರ್ ಹಾಕಿ ಒದ್ದೆ ಮಾಡಿ ಒರೆಸಿ.

ಡಿಸ್ಕ್ ತುಕ್ಕಿಗೆ ಕಚ್ಚಿಕೊಂಡಿದ್ದರೆ ಅದರ ಮುಖದಲ್ಲೇ ಥ್ರೆಡ್ ಇರುವ ಎರಡು ತೂತು ಇರುತ್ತವೆ, ಬಹಳ ಕಾರುಗಳಲ್ಲಿ 8 ಮಿ.ಮೀ. ಬೋಲ್ಟಿನವು. ಅವಕ್ಕೆ ಬೋಲ್ಟ್ ಹಾಕಿ ಎರಡನ್ನೂ ಸ್ವಲ್ಪ ಸ್ವಲ್ಪವೇ ತಿರುಗಿಸಿದರೆ ಡಿಸ್ಕ್ ತಾನೇ ಹೊರಗೆ ಬರುತ್ತದೆ. ಸುತ್ತಿಗೆಯಲ್ಲಿ ಬಡಿಯುವುದು ಬೇರಿಂಗಿಗೆ ಒಳ್ಳೆಯದಲ್ಲ. ಡಿಸ್ಕಿನ ಹಿಂಬದಿಯ ತಗಡಿನ ತಟ್ಟೆ ದೊಡ್ಡ ಡಿಸ್ಕಿಗೆ ಅಡ್ಡ ಬಂದರೆ, ಕಿಟ್ ಹಾಳೆ ಹೇಳಿದ ಹಾಗೆ ಬಗ್ಗಿಸಿ ಅಥವಾ ತೆಗೆಯಿರಿ.

ಈಗ ಹಬ್, ಅಂದರೆ ಡಿಸ್ಕ್ ಕೂರುವ ಜಾಗ. ಗಾಲಿ ಬೋಲ್ಟುಗಳ ಸುತ್ತ ಒಂದು ಚೂರು ತುಕ್ಕು ಇರದ ಹಾಗೆ ತಂತಿ ಬ್ರಶ್ಶಿನಲ್ಲಿ ತಿಕ್ಕಿ. ಅಲ್ಲಿ ಉಳಿದ ಸಣ್ಣ ಹಕ್ಕಳೆಯೂ ಡಿಸ್ಕಿನ ಹೊರಅಂಚಿನಲ್ಲಿ ದೊಡ್ಡ ಓಲಾಟವಾಗಿ ಪೆಡಲ್ ನಡುಗಿಸುತ್ತದೆ. ಜನ ಅದನ್ನು ಡಿಸ್ಕ್ ಬೆಂಡ್ ಆಯ್ತು ಅಂತ ಅಂಗಡಿಗೆ ವಾಪಸ್ ಒಯ್ಯುತ್ತಾರೆ. ಓಲಾಟ ಅಳೆಯುವ ಡಯಲ್ ಗೇಜ್ ಇದ್ದರೆ ಹೊಸ ಡಿಸ್ಕ್ ಕೂರಿಸಿ, ನಟ್ಟಿನಿಂದ ಬಿಗಿದು, ಒಂದು ಸುತ್ತು ತಿರುಗಿಸಿ ನೋಡಿ. 0.05 ಮಿ.ಮೀ. ಒಳಗಿದ್ದರೆ ನಿಶ್ಚಿಂತೆ.

ಪೈಪ್ ಬಿಚ್ಚದೆ ಒಮ್ಮೆ ಜೋಡಿಸಿ ನೋಡಿ

ಬ್ರೇಕ್ ಪೈಪ್ ಬಿಚ್ಚುವ ತನಕ ಎಲ್ಲವನ್ನೂ ವಾಪಸ್ ಮಾಡಿ ಕಾರು ಓಡಿಸಿಕೊಂಡು ಹೋಗಬಹುದು. ಬಿಚ್ಚಿದ ಮೇಲೆ ಆಗುವುದಿಲ್ಲ. ಹಾಗಾಗಿ ಬ್ರಾಕೆಟ್, ಡಿಸ್ಕ್, ಹೊಸ ಕ್ಯಾಲಿಪರ್, ಗಾಲಿ ಎಲ್ಲವನ್ನೂ ಆಯಿಲ್ ಇಲ್ಲದೆ ಒಮ್ಮೆ ಜೋಡಿಸಿ, ಕೈಯಿಂದ ಗಾಲಿ ತಿರುಗಿಸಿ. ಎಲ್ಲೂ ತಾಗಬಾರದು.

ಹೊಸ ಡಿಸ್ಕಿಗೆ ತುಕ್ಕು ಹಿಡಿಯದಿರಲು ಎಣ್ಣೆ ಹಚ್ಚಿರುತ್ತಾರೆ. ಅದನ್ನು ಕ್ಲೀನರ್‌ನಲ್ಲಿ ಪೂರ್ತಿ ತೆಗೆಯಿರಿ. ಎಡ ಬಲ ನೋಡಿ ಹಾಕಿ. ಒಳಗಿನ ಗಾಳಿ ರೆಕ್ಕೆಗಳು ಬಾಗಿದ್ದರೆ, ಅವು ನಡುವಿನಿಂದ ಅಂಚಿಗೆ ಹೋಗುತ್ತಾ ಕಾರಿನ ಹಿಂದಕ್ಕೆ ಬಾಗಿರಬೇಕು. ಆಗಲೇ ಗಾಳಿ ಹೊರಗೆ ಹೋಗುತ್ತದೆ. ಮೇಲಿನ ಗೀರುಗಳನ್ನು ನೋಡಿ ದಿಕ್ಕು ಊಹಿಸಬೇಡಿ, ಡಿಸ್ಕಿನ ಮೇಲಿನ ಗುರುತನ್ನೇ ನಂಬಿ.

ಕ್ಯಾಲಿಪರ್‌ಗೂ ಎಡ ಬಲ ಇದೆ. ಏರ್ ತೆಗೆಯುವ ನಿಪ್ಪಲ್ ಮೇಲ್ಗಡೆ ಇರಬೇಕು. ಕೆಳಗೆ ಬಂದಿದ್ದರೆ ಅದಲುಬದಲಾಗಿದೆ. ಹಾಗೇ ಬಿಟ್ಟರೆ ಎಷ್ಟು ಆಯಿಲ್ ಸುರಿದರೂ ಮೇಲಿನ ಗಾಳಿ ಹೊರಗೆ ಬರುವುದಿಲ್ಲ. ಪಿಸ್ಟನ್ ಎರಡು ಅಳತೆಯವು ಇದ್ದರೆ, ಡಿಸ್ಕ್ ಕ್ಯಾಲಿಪರ್ ಒಳಗೆ ನುಗ್ಗುವ ಬದಿಯಲ್ಲಿ ಸಣ್ಣದು ಇರುತ್ತದೆ. ಪ್ಯಾಡ್ ಓರೆಯಾಗಿ ಸವೆಯದಿರಲು ಆ ವ್ಯವಸ್ಥೆ.

ಡಿಸ್ಕಿಗೂ ಕ್ಯಾಲಿಪರ್‌ನ ಎರಡು ಬದಿಗೂ ನಡುವಿನ ಸಂದು ಸಮ ಇದೆಯೇ ಅಳೆಯಿರಿ. ಇಲ್ಲದಿದ್ದರೆ ಕಿಟ್ಟಿನ ಶಿಮ್ ಎಂಬ ತೆಳು ಬಿಲ್ಲೆಗಳಿಂದ ಸರಿ ಮಾಡಿ. ಎಲ್ಲ ಸರಿ ಅನ್ನಿಸಿದ ಮೇಲೆ ಬ್ರಾಕೆಟ್ ಬೋಲ್ಟುಗಳನ್ನು ಹಾಳೆಯಲ್ಲಿ ಹೇಳಿದ್ದರೆ ಥ್ರೆಡ್ ಲಾಕ್ (ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು) ಹಚ್ಚಿ, ಹೇಳಿದ ಟಾರ್ಕಿಗೆ ಬಿಗಿ ಮಾಡಿ. ಬಿಗಿ ಮಾಡಿದ ಪ್ರತಿ ಬೋಲ್ಟಿನ ತಲೆಗೂ ಬಣ್ಣದ ಗೆರೆ ಎಳೆಯಿರಿ. ಮುಂದೆ ಅದು ತಿರುಗಿದೆಯೋ ಇಲ್ಲವೋ ಕಣ್ಣಲ್ಲೇ ಗೊತ್ತಾಗುತ್ತದೆ.

ಈಗ ಪೈಪ್. ಹಳೆಯದನ್ನು ಬಿಚ್ಚಿ, ತುದಿಗೆ ರಬ್ಬರ್ ಮುಚ್ಚಳ ಹಾಕಿ, ಬೇಗ ಹೊಸದನ್ನು ಜೋಡಿಸಿ. ತೂತಿನ ಬೋಲ್ಟ್ ಹಾದುಹೋಗುವ ಪೈಪ್ ತುದಿಯ ಉಂಗುರದ ಎರಡೂ ಬದಿಗೆ ಹೊಸ ತಾಮ್ರದ ವಾಶರ್ ಹಾಕಬೇಕು, ಒಮ್ಮೆ ಬಿಗಿದ ವಾಶರ್ ಮತ್ತೆ ಬಳಸುವಂತಿಲ್ಲ. ಕಾರಿನ ಬಣ್ಣದ ಮೇಲೆ ಆಯಿಲ್ ಬಿದ್ದರೆ ಕೂಡಲೇ ನೀರು ಹಾಕಿ ತೊಳೆಯಿರಿ, ಇಲ್ಲವಾದರೆ ಬಣ್ಣ ಎದ್ದು ಬರುತ್ತದೆ. ಪೈಪ್ ಜೋಡಿಸಿದ ಮೇಲೆ ಸ್ಟೀರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ. ಗಾಲಿ ಜೋತಿರುವಾಗಲೂ, ಭಾರ ಬಿದ್ದು ಮೇಲೆ ಬಂದಾಗಲೂ ಪೈಪ್ ಎಳೆಯಬಾರದು, ಟೈರಿಗೆ ಸವರಬಾರದು.

ಏರ್ ತೆಗೆಯುವುದು

ಪೈಪ್ ಬಿಚ್ಚಿದಾಗ ಒಳಗೆ ಸೇರಿದ ಗಾಳಿಯನ್ನು ಹೊರಹಾಕಲು ಇಬ್ಬರು ಬೇಕು. ಒಬ್ಬರು ಪೆಡಲ್ ಮೇಲೆ, ಇನ್ನೊಬ್ಬರು ನಿಪ್ಪಲ್ ಹತ್ತಿರ. ನಮ್ಮ ಕಡೆ ಗ್ಯಾರೇಜುಗಳಲ್ಲಿ ಕೇಳುವ "ಒತ್ತಪಾ... ಹಿಡಿ, ಹಿಡಿ... ಬಿಡು" ಇದೇ ಕೆಲಸದ ಮಾತು. ಒತ್ತಿ ಹಿಡಿದಾಗ ನಿಪ್ಪಲ್ ತೆರೆಯಬೇಕು, ಆಯಿಲ್ ಬಂದ ಮೇಲೆ ಮುಚ್ಚಬೇಕು, ಮುಚ್ಚಿದ ಮೇಲೆಯೇ ಪೆಡಲ್ ಬಿಡಬೇಕು. ಈ ಸಾಲು ತಪ್ಪಿದರೆ ಗಾಳಿ ವಾಪಸ್ ಒಳಗೆ ಹೋಗುತ್ತದೆ. ನಳಿಕೆಯ ತುದಿ ಬಾಟ್ಲಿಯ ಆಯಿಲ್ಲಿನಲ್ಲಿ ಮುಳುಗಿರಲಿ, ಗುಳ್ಳೆ ಕಾಣುತ್ತದೆ.

ಯಾವ ಗಾಲಿಯಿಂದ ಶುರು ಮಾಡಬೇಕು ಎಂಬುದು ಕಾರಿನ ಪುಸ್ತಕದಲ್ಲಿರುತ್ತದೆ. ಮಾಸ್ಟರ್ ಸಿಲಿಂಡರ್‌ನಿಂದ (ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಭಾಗ) ದೂರದ ಗಾಲಿ ಮೊದಲು ಎಂಬುದು ಹಳೇ ರೂಢಿ, ನಮ್ಮ ಬಲಗೈ ಸ್ಟೀರಿಂಗ್ ಕಾರುಗಳಲ್ಲಿ ಅದು ಹಿಂದಿನ ಎಡ ಗಾಲಿ. ಆದರೆ ಕೆಲವು ಕಾರುಗಳ ಕ್ರಮ ಬೇರೆ. ಕ್ಯಾಲಿಪರ್‌ಗೆ ಎರಡು ನಿಪ್ಪಲ್ ಇದ್ದರೆ ಎರಡರಿಂದಲೂ ತೆಗೆಯಬೇಕು. ಹಳೇ ಕಾರಿನಲ್ಲಿ ಪೆಡಲನ್ನು ನೆಲ ಮುಟ್ಟುವ ತನಕ ಒತ್ತಬೇಡಿ. ಮಾಸ್ಟರ್ ಸಿಲಿಂಡರ್‌ನೊಳಗೆ ರಬ್ಬರ್ ಇಷ್ಟು ದಿನ ಹೋಗದ ತುಕ್ಕಿನ ಜಾಗಕ್ಕೆ ಹೋಗಿ ಹರಿಯಬಹುದು. ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟರೆ ಸಾಕು.

ಎಲ್ಲಕ್ಕಿಂತ ಮುಖ್ಯ, ಬಾನೆಟ್ಟಿನ ಕೆಳಗಿನ ಡಬ್ಬಿಯಲ್ಲಿ ಆಯಿಲ್ ಕೆಳಗಿನ ಗೆರೆಗಿಂತ ಇಳಿಯಬಾರದು. ಪೂರ್ತಿ ಬರಿದಾದರೆ ಎಬಿಎಸ್ ಘಟಕದೊಳಗೆ ಗಾಳಿ ಹೋಗುತ್ತದೆ. ಅದನ್ನು ತೆಗೆಯಲು ಬಹಳ ಕಾರುಗಳಿಗೆ ಸ್ಕ್ಯಾನರ್ ಹಚ್ಚಿ ಪಂಪ್ ಓಡಿಸಬೇಕು. ಪೆಡಲ್ ಮೇಲಿರುವವರಿಗೆ ಡಬ್ಬಿ ಕಾಣುವುದಿಲ್ಲ, ಹಾಗಾಗಿ ನೆನಪಿಟ್ಟು ನೋಡುವ ಕೆಲಸ ನಿಪ್ಪಲ್ ಹತ್ತಿರ ಇರುವವರದು.

ಪೆಡಲ್ ಗಟ್ಟಿಯಾದ ಮೇಲೆ ಎಂಜಿನ್ ಚಾಲೂ ಮಾಡಿ, ಜೋರಾಗಿ ಒತ್ತಿ ಅರ್ಧ ನಿಮಿಷ ಹಿಡಿಯಿರಿ. ಪೆಡಲ್ ನಿಧಾನಕ್ಕೆ ಇಳಿದರೆ ಎಲ್ಲೋ ಸೋರುತ್ತಿದೆ ಅಥವಾ ಮಾಸ್ಟರ್ ಸಿಲಿಂಡರ್ ಕೆಟ್ಟಿದೆ. ಆ ಕಾರು ಅಂಗಳ ದಾಟಬಾರದು. ಸರಿ ಇದ್ದರೆ ಒಂದೊಂದು ಜೋಡಣೆಗೂ ಒಣ ಬಟ್ಟೆ ಒತ್ತಿ ನೋಡಿ.

ಪ್ಯಾಡ್ ಪಳಗಿಸುವುದು

ಗಾಲಿ ನಟ್ಟುಗಳನ್ನು ಎದುರುಬದುರು ಕ್ರಮದಲ್ಲಿ, ಕಾರಿನ ಪುಸ್ತಕದ ಟಾರ್ಕಿಗೆ ಬಿಗಿದು ಕಾರು ಇಳಿಸಿ. ಹೊರಡುವ ಮುಂಚೆ ಪೆಡಲ್ ಮತ್ತೊಮ್ಮೆ ಒತ್ತಿ, ಗಟ್ಟಿ ಇದೆಯೇ ನೋಡಿ. ಮೊದಲು ನಡಿಗೆಯ ವೇಗದಲ್ಲಿ ನಿಲ್ಲಿಸಿ ನೋಡಿ, ಆಮೇಲೆ ರಸ್ತೆ.

ಹೊಸ ಹಂಚನ್ನು ರೊಟ್ಟಿಗೆ ಪಳಗಿಸುವ ಹಾಗೆ ಹೊಸ ಡಿಸ್ಕಿಗೂ ಒಂದು ಪದರ ಕೂರಬೇಕು. ಪ್ಯಾಡಿನ ತೆಳು ಪದರ ಡಿಸ್ಕಿನ ಮೇಲೆ ಸಮನಾಗಿ ಹರಡಿದಾಗಲೇ ಹಿಡಿತ ಬರುವುದು. ಪ್ಯಾಡ್ ಕಂಪನಿ ಬೇರೆ ವಿಧಾನ ಹೇಳದಿದ್ದರೆ ಹೀಗೆ ಮಾಡಿ: 60ರಿಂದ ಸುಮಾರು 10 ಕಿ.ಮೀ. ವೇಗಕ್ಕೆ, ಜೋರೂ ಅಲ್ಲದ ಮೆತ್ತಗೂ ಅಲ್ಲದ ಒತ್ತಿನಲ್ಲಿ, ಎಂಟು ಹತ್ತು ಸಲ. ಪೂರ್ತಿ ನಿಲ್ಲಿಸಬೇಡಿ. ಬಿಸಿ ಡಿಸ್ಕಿನ ಮೇಲೆ ಪ್ಯಾಡ್ ಒತ್ತಿ ನಿಂತರೆ ಅಲ್ಲೊಂದು ಅಚ್ಚು ಬಿದ್ದು ಮುಂದೆ ಪೆಡಲ್ ನಡುಗುತ್ತದೆ. ಸ್ವಲ್ಪ ವಾಸನೆ, ಒಂಚೂರು ಹೊಗೆ ಬಂದರೆ ಹೆದರಬೇಡಿ. ಆಮೇಲೆ ಬ್ರೇಕ್ ಮುಟ್ಟದೆ ಕೆಲವು ಕಿಲೋಮೀಟರ್ ಓಡಿಸಿ ಆರಲು ಬಿಡಿ.

ಇದಕ್ಕೆ ಹುಬ್ಬಳ್ಳಿ-ಧಾರವಾಡ ಬೈಪಾಸ್ ಬೇಡ. ಹಿಂದೆ ಲಾರಿ ಇರುವಾಗ ಪದೇ ಪದೇ ಬ್ರೇಕ್ ಒತ್ತುವುದು ಜೀವಕ್ಕೆ ಅಪಾಯ. ಬಸ್ಸಿಗೇ ಮೀಸಲಾದ ಬಿಆರ್‌ಟಿಎಸ್ ದಾರಿಯ ಪಕ್ಕದ ರಸ್ತೆಯೂ ಬೇಡ. ಭಾನುವಾರ ಬೆಳಗಿನ ಹೊತ್ತು ತಾರಿಹಾಳದಂಥ ಕೈಗಾರಿಕಾ ಪ್ರದೇಶದ ಖಾಲಿ, ನೇರ ರಸ್ತೆ ನೋಡಿಕೊಳ್ಳಿ. ಘಟ್ಟದಲ್ಲೇ ಪಳಗಿಸುತ್ತೇನೆ ಅನ್ನುವವರ ಕಾರಿನಲ್ಲಿ ಕೂರಬೇಡಿ.

50ರಿಂದ 100 ಕಿ.ಮೀ. ಓಡಿದ ಮೇಲೆ ಗಾಲಿ ನಟ್ಟುಗಳಿಗೆ ಮತ್ತೆ ಟಾರ್ಕ್ ಪಾನಾ ಹಾಕಿ. ಬಣ್ಣದ ಗೆರೆಗಳನ್ನು, ಪೈಪಿನ ಜೋಡಣೆಗಳನ್ನು, ಆಯಿಲ್ ಮಟ್ಟವನ್ನು ನೋಡಿ. ಹಳೇ ಕ್ಯಾಲಿಪರ್, ಡಿಸ್ಕ್ ಮಾರಬೇಡಿ. ಕಾರು ಮಾರುವಾಗಲೋ ಆರ್‌ಟಿಒ ತಕರಾರು ತೆಗೆದಾಗಲೋ ವಾಪಸ್ ಹಾಕಲು ಬೇಕಾಗುತ್ತವೆ.

ಕೊನೆಗೆ ಸ್ಟೆಪ್ನಿ. ಡಿಕ್ಕಿಯಲ್ಲಿರುವ ಸಣ್ಣ ಗಾಲಿ ಹೊಸ ಕ್ಯಾಲಿಪರ್ ಮೇಲೆ ಕೂರದೇ ಇರಬಹುದು. ಮನೆಯಲ್ಲಿರುವಾಗಲೇ ಹಾಕಿ ನೋಡಿ. ಕೂರದಿದ್ದರೆ, ಅಣ್ಣಿಗೇರಿ ದಾರಿಯಲ್ಲಿ ರಾತ್ರಿ ಮುಂದಿನ ಗಾಲಿ ಪಂಕ್ಚರ್ ಆದಾಗ ಎರಡು ಸಲ ಜಾಕ್ ಎತ್ತಬೇಕಾಗುತ್ತದೆ: ಮೊದಲು ಹಿಂದಿನ ಒಂದು ಗಾಲಿ ತೆಗೆದು ಅಲ್ಲಿಗೆ ಸ್ಟೆಪ್ನಿ, ಆಮೇಲೆ ಹಿಂದಿನಿಂದ ತೆಗೆದ ಗಾಲಿ ಮುಂದಕ್ಕೆ. ಜಾಕಿನ ಕೆಳಗೆ ಇಡಲು ಡಿಕ್ಕಿಯಲ್ಲಿ ಒಂದು ಹಲಗೆಯೂ ಇರಲಿ, ಆ ಕಡೆ ರಸ್ತೆ ಬದಿ ಎಲ್ಲ ಎರೆ ಮಣ್ಣೇ.